ಫ್ಯಾನ್ ತಿರುಗುತ್ತೆ, ಸ್ಕ್ರೀನ್ ಕಪ್ಪು: ಮದರ್‌ಬೋರ್ಡ್ ಹೋಗಿದೆ ಅಂತ ಒಪ್ಪಿಕೊಳ್ಳೋ ಮೊದಲು

ಪ್ರಶ್ನೆ: ನಮ್ಮ ಮನೆಯಲ್ಲಿರುವುದು 2019ರಲ್ಲಿ ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್. ಇಂಟೆಲ್ ಐ5 ಎಂಟನೇ ಜನರೇಷನ್, 4 ಜಿಬಿಯ ಎರಡು ರ‍್ಯಾಮ್, ಎಸ್‌ಎಸ್‌ಡಿ, ವಿಂಡೋಸ್ 10. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ನಮ್ಮದು ಮಲೆನಾಡು. ಹೋದ ವಾರ ಗುಡುಗು ಮಳೆ ಬಂದಾಗ ಕರೆಂಟ್ ನಾಲ್ಕೈದು ಸಲ ಹೋಗಿ ಬಂತು. ಆವತ್ತಿನಿಂದ ಪವರ್ ಬಟನ್ ಒತ್ತಿದರೆ ಫ್ಯಾನ್ ಮೂರ್ನಾಲ್ಕು ಸೆಕೆಂಡ್ ತಿರುಗಿ ನಿಲ್ಲುತ್ತದೆ, ತಾನಾಗೇ ಮತ್ತೆ ತಿರುಗುತ್ತದೆ, ಮತ್ತೆ ನಿಲ್ಲುತ್ತದೆ. ಮಾನಿಟರ್‌ನಲ್ಲಿ ‘ನೋ ಸಿಗ್ನಲ್’. ಬೀಪ್ ಗೀಪ್ ಏನೂ ಇಲ್ಲ. ಅಂಗಡಿಯವರು ನೋಡಿ, ಮದರ್‌ಬೋರ್ಡ್ ಹೋಗಿದೆ, ಈ ಜನರೇಷನ್ ಬೋರ್ಡ್ ಈಗ ಸಿಗಲ್ಲ, ಹೊಸ ಕಂಪ್ಯೂಟರೇ ತಗೊಳ್ಳಿ ಅಂದರು. ಒಳಗೆ ತೋಟದ ಲೆಕ್ಕ, ಮಕ್ಕಳ ಫೋಟೋ, ಹಳೇ ನುಡಿ ಫೈಲುಗಳಿವೆ. ಏನಾದರೂ ಉಳಿಯುತ್ತಾ?

ಉತ್ತರ: ನಿಮ್ಮ ಕೊನೇ ಪ್ರಶ್ನೆಯನ್ನೇ ಮೊದಲು ತಗೊಳ್ತೀನಿ. ಲೆಕ್ಕ, ಫೋಟೋ, ನುಡಿ ಫೈಲು ಇರುವುದು ಎಸ್‌ಎಸ್‌ಡಿಯಲ್ಲಿ. ಮದರ್‌ಬೋರ್ಡ್ ನಿಜವಾಗಿಯೂ ಸುಟ್ಟಿದ್ದರೂ ಎಸ್‌ಎಸ್‌ಡಿಗೆ ಏನೂ ಆಗದೇ ಇರುವ ಸಾಧ್ಯತೆ ಚೆನ್ನಾಗಿಯೇ ಇದೆ. ಅದನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೆ ಫೈಲುಗಳು ಕಾಣಿಸುತ್ತವೆ. ಹೇಗೆ ಅಂತ ಕೆಳಗೆ ಬರೆದಿದ್ದೀನಿ. ಅಲ್ಲಿಯವರೆಗೆ ಒಂದೇ ಎಚ್ಚರಿಕೆ: ಯಾರಾದರೂ ‘ಫಾರ್ಮ್ಯಾಟ್ ಮಾಡಿ ನೋಡೋಣ’ ಅಂದರೆ ಬೇಡ ಅನ್ನಿ. ಸ್ಕ್ರೀನೇ ಬರದ ಕಂಪ್ಯೂಟರಿಗೆ ಫಾರ್ಮ್ಯಾಟ್ ಔಷಧವೇ ಅಲ್ಲ.

ಇನ್ನು ಮದರ್‌ಬೋರ್ಡ್ ವಿಷಯ. ಅಂಗಡಿಯವರು ಮೋಸ ಮಾಡಿದರು ಅಂತ ನಾನು ಹೇಳುವುದಿಲ್ಲ. ಒಂದೊಂದು ಭಾಗ ಬದಲಿಸಿ ನೋಡುವುದಕ್ಕೆ ಅರ್ಧ ದಿನ ಬೇಕು, ಅಷ್ಟು ಹೊತ್ತಿಗೆ ಅವರಿಗೆ ಸಿಗುವ ದುಡ್ಡು ಅಷ್ಟರಲ್ಲೇ ಇದೆ. ಅದಕ್ಕೇ ಸ್ಕ್ರೀನ್ ಬರಲಿಲ್ಲ ಅಂದ ಕೂಡಲೇ ‘ಬೋರ್ಡ್ ಹೋಗಿದೆ’ ಅನ್ನುವ ತೀರ್ಪು ಬಂದುಬಿಡುತ್ತದೆ. ಆದರೆ ನೀವು ಬರೆದ ಲಕ್ಷಣ, ಅಂದರೆ ತಿರುಗಿ ನಿಂತು ಮತ್ತೆ ತಾನೇ ತಿರುಗುವುದು, ನೋಡಿದರೆ ನನ್ನ ಅನುಮಾನ ಮೊದಲು ರ‍್ಯಾಮ್ ಮೇಲೆ, ಆಮೇಲೆ ಪವರ್ ಸಪ್ಲೈ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ) ಮೇಲೆ, ಬೋರ್ಡ್ ಮೇಲೆ ಕೊನೆಗೆ.

ಯಾಕೆ ಅಂತ ಹೇಳಬೇಕಾದರೆ ಬಟನ್ ಒತ್ತಿದ ಮೇಲೆ ಒಳಗೆ ಏನಾಗುತ್ತದೆ ಅಂತ ಸ್ವಲ್ಪ ನೋಡಬೇಕು. ಕಂಪ್ಯೂಟರ್ ಆಫ್ ಇದ್ದಾಗಲೂ, ಗೋಡೆಯ ಸ್ವಿಚ್ ಆನ್ ಇದ್ದರೆ, ಪವರ್ ಸಪ್ಲೈ 5 ವೋಲ್ಟಿನ ಒಂದು ಸಣ್ಣ ಲೈನನ್ನು ಬೋರ್ಡಿಗೆ ಕೊಡುತ್ತಲೇ ಇರುತ್ತದೆ. ಅದನ್ನು ಸ್ಟ್ಯಾಂಡ್‌ಬೈ ಅನ್ನುತ್ತಾರೆ. ಬಟನ್ ಒತ್ತಿದಾಗ ಬೋರ್ಡು, 24 ಪಿನ್ನಿನ ದೊಡ್ಡ ಕನೆಕ್ಟರ್‌ನಲ್ಲಿರುವ ಹಸಿರು ವೈರಿನ ಮೂಲಕ ‘ಪೂರ್ತಿ ಆನ್ ಆಗು’ ಅಂತ ಪವರ್ ಸಪ್ಲೈಗೆ ಹೇಳುತ್ತದೆ. ಆಗ 12, 5, 3.3 ವೋಲ್ಟುಗಳು ಬರುತ್ತವೆ. ಅವು ಸರಿಯಾಗಿ ನಿಂತವು ಅಂತ ಖಾತ್ರಿಯಾದ ಮೇಲೆ ಪವರ್ ಸಪ್ಲೈ ‘ಪವರ್ ಗುಡ್’ ಅನ್ನುವ ಸಿಗ್ನಲ್ ಕೊಡುತ್ತದೆ. ಆಮೇಲಷ್ಟೇ ಪ್ರೊಸೆಸರ್ ಏಳುತ್ತದೆ, ಬೋರ್ಡಿನಲ್ಲೇ ಇರುವ ಬಯೋಸ್ ಅನ್ನುವ ಆರಂಭದ ಪ್ರೋಗ್ರಾಂ ಓದಲು ಶುರು ಮಾಡುತ್ತದೆ, ರ‍್ಯಾಮ್ ಎಷ್ಟಿದೆ ಎಷ್ಟು ವೇಗದ್ದು ಅಂತ ಪರೀಕ್ಷೆ ಮಾಡಿ ಹೊಂದಿಸಿಕೊಳ್ಳುತ್ತದೆ, ಅದಾದ ಮೇಲೆ ಡಿಸ್‌ಪ್ಲೇ, ಆಮೇಲೆ ಡಿಸ್ಕ್, ಎಲ್ಲಕ್ಕಿಂತ ಕೊನೆಗೆ ವಿಂಡೋಸ್.

ಗಮನಿಸಿ, ಡಿಸ್‌ಪ್ಲೇ ಬರುವುದು ರ‍್ಯಾಮ್ ಆದ ಮೇಲೆ. ರ‍್ಯಾಮ್ ಹೊಂದದಿದ್ದರೆ ಸ್ಕ್ರೀನಿನಲ್ಲಿ ‘ರ‍್ಯಾಮ್ ಸರಿ ಇಲ್ಲ’ ಅಂತ ಬರೆಯುವುದಕ್ಕೂ ಆಗುವುದಿಲ್ಲ. ಹಾಗಾಗಿ ಎಷ್ಟೋ ಬೋರ್ಡುಗಳು ಒಂದು ಸಲ ಪ್ರಯತ್ನಿಸಿ, ಸೋತು, ತಾವೇ ಆಫ್ ಆಗಿ ಮತ್ತೆ ಶುರು ಮಾಡುತ್ತವೆ. ನಿಮ್ಮಲ್ಲಿ ಆಗುತ್ತಿರುವುದು ಇದೇ ಇರಬಹುದು. ಫ್ಯಾನ್ ತಿರುಗಿತು ಅಂದರೆ 12 ವೋಲ್ಟ್ ಲೈನಿನಲ್ಲಿ ಏನೋ ಬಂತು ಅಂತ ಮಾತ್ರ ಅರ್ಥ. ಬೇರೆ ಲೈನುಗಳು ಸರಿ ಇವೆ ಅಂತಲೂ ಅಲ್ಲ, ಬೋರ್ಡ್ ಎದ್ದಿದೆ ಅಂತಲೂ ಅಲ್ಲ. ಬದಲಿಗೆ ಫ್ಯಾನ್ ಒಂದು ಸುತ್ತು ಅಲುಗಾಡಿ ಅಲ್ಲೇ ನಿಂತು, ಗೋಡೆಯ ಸ್ವಿಚ್ ಆಫ್ ಮಾಡಿ ಆನ್ ಮಾಡುವ ತನಕ ಏಳದೇ ಇದ್ದಿದ್ದರೆ ಎಲ್ಲೋ ಶಾರ್ಟ್ ಆಗಿದೆ ಅಂತ ನಾನು ಯೋಚಿಸುತ್ತಿದ್ದೆ. ಬಟನ್ ಒತ್ತಿದರೂ ಏನೂ ಆಗದೇ ಇದ್ದಿದ್ದರೆ ಪವರ್ ಸಪ್ಲೈ ಅಥವಾ ಬಟನ್ ಅನ್ನುತ್ತಿದ್ದೆ. ‘ಆನ್ ಆಗ್ತಿಲ್ಲ’ ಅನ್ನುವ ಒಂದೇ ಮಾತಿನ ಹಿಂದೆ ಇಷ್ಟೆಲ್ಲ ಬೇರೆ ಬೇರೆ ಕಾಯಿಲೆಗಳಿರುತ್ತವೆ. ನೀವು ಸೆಕೆಂಡ್ ಲೆಕ್ಕ ಸಮೇತ ಬರೆದಿದ್ದು ಒಳ್ಳೆಯದಾಯಿತು.

ಈಗ ಕೆಲಸ. ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ವೈರೇ ಕಿತ್ತಿಡಿ. ಆಮೇಲೆ ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ, ಬೋರ್ಡಿನಲ್ಲಿ ಉಳಿದ ಚಾರ್ಜ್ ಖಾಲಿಯಾಗಲಿ. ಕೆಲವೊಮ್ಮೆ ಕರೆಂಟ್ ಏರಿಳಿತದಿಂದ ಗೊಂದಲಕ್ಕೆ ಬಿದ್ದ ಬೋರ್ಡು ಇಷ್ಟಕ್ಕೇ ಸರಿಯಾಗಿಬಿಡುತ್ತದೆ, ನಂಬಿ. ಹಿಂದೆ ಚುಚ್ಚಿರುವ ಪೆನ್‌ಡ್ರೈವ್, ಪ್ರಿಂಟರ್, ವೆಬ್‌ಕ್ಯಾಮ್, ಕೀಬೋರ್ಡ್, ಮೌಸ್ ಎಲ್ಲ ತೆಗೆಯಿರಿ. ಇಂಟರ್ನೆಟ್ ವೈರನ್ನೂ ತೆಗೆಯಿರಿ. ಸಿಡಿಲಿನ ಊರಿನಲ್ಲಿ ಹೊಡೆತ ಬರುವುದು ಕರೆಂಟ್ ಲೈನಿನಿಂದಲೇ ಆಗಬೇಕು ಅಂತಿಲ್ಲ. ಲ್ಯಾಂಡ್‌ಲೈನ್ ಬ್ರಾಡ್‌ಬ್ಯಾಂಡ್ ಕಾಲದಲ್ಲಿ ಮಲೆನಾಡಿನ ಎಷ್ಟು ಮೋಡೆಮ್‌ಗಳು ಫೋನ್ ವೈರಿನಿಂದ ಬಂದ ಸಿಡಿಲಿಗೆ ಸತ್ತವು ಅಂತ ನಿಮಗೇ ಗೊತ್ತಿರುತ್ತೆ ಅಲ್ವಾ? ನಿಮ್ಮ ಮೋಡೆಮ್ ಕೂಡ ಆವತ್ತೇ ಕೆಟ್ಟಿದ್ದರೆ ಅದು ದೊಡ್ಡ ಸುಳಿವು, ಹೊಡೆತ ಇಂಟರ್ನೆಟ್ ವೈರ್ ಚುಚ್ಚುವ ಲ್ಯಾನ್ ಪೋರ್ಟಿನಿಂದ ಒಳಗೆ ಬಂದಿರಬಹುದು. ಆಗ ಬೋರ್ಡ್ ಮೇಲಿನ ಅನುಮಾನ ನನಗೂ ಜಾಸ್ತಿಯಾಗುತ್ತದೆ.

ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು ಮೊದಲು ಸುಮ್ನೆ ನೋಡಿ, ಮೂಸಿ. ಸುಟ್ಟ ವಾಸನೆ ಇದೆಯಾ? ಪುಟ್ಟ ಡಬ್ಬಿಯಂತೆ ನಿಂತಿರುವ ಕೆಪಾಸಿಟರ್‌ಗಳ ತಲೆ ಉಬ್ಬಿದೆಯಾ? ಹಲ್ಲಿ, ಇರುವೆ ಏನಾದರೂ ಒಳಗೆ ಸಂಸಾರ ಹೂಡಿವೆಯಾ? ಇದು ತಮಾಷೆಯಲ್ಲ. ಬೆಚ್ಚಗಿರುವ ಜಾಗ ಅಂತ ಮಳೆಗಾಲದಲ್ಲಿ ಅವು ಬರುತ್ತವೆ, ಬೋರ್ಡಿನ ಮೇಲೆ ಸತ್ತು ಬಿದ್ದ ಹಲ್ಲಿಯೊಂದು ಶಾರ್ಟ್ ಮಾಡಲು ಸಾಕು. ಆಮೇಲೆ ಎರಡು ಪವರ್ ಕನೆಕ್ಟರ್ ಗಟ್ಟಿಯಾಗಿ ಕೂತಿವೆಯಾ ನೋಡಿ: ಒಂದು 24 ಪಿನ್ನಿನದು, ಇನ್ನೊಂದು ಪ್ರೊಸೆಸರ್ ಹತ್ತಿರ ಮೂಲೆಯಲ್ಲಿರುವ 4 ಅಥವಾ 8 ಪಿನ್ನಿನದು. ಈ ಎರಡನೆಯದು ಸಡಿಲವಾದರೆ ಫ್ಯಾನ್ ತಿರುಗುತ್ತದೆ, ಪ್ರೊಸೆಸರಿಗೆ ಮಾತ್ರ ಕರೆಂಟ್ ಇರುವುದಿಲ್ಲ. ಅಂಗಡಿಗೆ ಹೋಗಿ ಬಂದ ಕಂಪ್ಯೂಟರಿನಲ್ಲಿ ಇದನ್ನು ಚುಚ್ಚಲು ಮರೆತಿರುವುದೂ ಉಂಟು, ಆದ್ದರಿಂದ ಕಣ್ಣಾರೆ ನೋಡಿ.

ಮುಂದಿನದು ರ‍್ಯಾಮ್, ಇಲ್ಲಿ ಅವಸರ ಮಾಡಬೇಡಿ. ಮೊದಲು ಕ್ಯಾಬಿನೆಟ್ಟಿನ ಬಣ್ಣ ಹಚ್ಚದ ಲೋಹದ ಭಾಗ ಮುಟ್ಟಿ, ಮೈಯಲ್ಲಿನ ಸ್ಟ್ಯಾಟಿಕ್ ಇಳಿಯಲಿ. ಎರಡೂ ಕಡೆಯ ಕ್ಲಿಪ್ ಅಗಲಿಸಿ ರ‍್ಯಾಮ್ ಮೇಲೆತ್ತಿ. ಬೋರ್ಡುಗಳಲ್ಲಿ ಒಂದೇ ಕಡೆ ಕ್ಲಿಪ್ ಇರುವುದೂ ಉಂಟು, ಎಳೆದಾಡಬೇಡಿ. ಕೆಳಗಿನ ಚಿನ್ನದ ಬಣ್ಣದ ಹಲ್ಲುಗಳು ಮಂಕಾಗಿವೆಯಾ ನೋಡಿ. ನಿಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಯಲ್ಲೇ ನೀರಿರುತ್ತದೆ. ಅದರ ಜೊತೆ ಧೂಳು ಸೇರಿ ಆ ಹಲ್ಲುಗಳ ಮೇಲೆ ಕಾಣದಂಥ ಪದರ ಕೂರುತ್ತದೆ. ಮಕ್ಕಳು ಬಳಸುವ ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಒಣ ಬಟ್ಟೆಯಲ್ಲಿ ಪೂರ್ತಿ ಒರೆಸಿ. ಮೆಡಿಕಲ್ ಶಾಪಿನ ಐಸೋಪ್ರೊಪೈಲ್ ಆಲ್ಕೋಹಾಲ್ ಇದ್ದರೆ ಇನ್ನೂ ಒಳ್ಳೆಯದು. ಸ್ಯಾಂಡ್‌ಪೇಪರ್ ಮಾತ್ರ ಬೇಡವೇ ಬೇಡ. ಸ್ಲಾಟನ್ನು ಒಣ ಪೇಂಟ್ ಬ್ರಷ್‌ನಿಂದ ಗುಡಿಸಿ. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ.

ಈಗ ಒಂದೇ ರ‍್ಯಾಮ್ ಹಾಕಿ. ನಡುವಿನ ಕಚ್ಚು ಸ್ಲಾಟಿನ ಉಬ್ಬಿಗೆ ಸರಿಹೊಂದಬೇಕು. ಎರಡೂ ತುದಿ ಸಮನಾಗಿ ಒತ್ತಿ, ಕ್ಲಿಪ್ ‘ಟಕ್’ ಅನ್ನುವ ತನಕ. ಮಾನಿಟರ್ ಕೇಬಲನ್ನು ಬೋರ್ಡಿನ ಪೋರ್ಟಿಗೇ ಹಾಕಿ, ಪ್ಲಗ್ ಚುಚ್ಚಿ, ಆನ್ ಮಾಡಿ ಒಂದೆರಡು ನಿಮಿಷ ಕಾಯಿರಿ. ಆ ಹೊತ್ತಿನಲ್ಲಿ ಒಂದೆರಡು ಸಲ ಆಫ್ ಆಗಿ ಆನ್ ಆದರೆ ಹೆದರಬೇಡಿ, ರ‍್ಯಾಮ್ ಬದಲಾಗಿದೆ ಅಂತ ಬೋರ್ಡು ಹೊಸದಾಗಿ ಹೊಂದಿಸಿಕೊಳ್ಳುತ್ತಿರುತ್ತದೆ. ಬರಲಿಲ್ಲವಾ? ಪ್ಲಗ್ ಕಿತ್ತು ಅದೇ ರ‍್ಯಾಮ್ ಇನ್ನೊಂದು ಸ್ಲಾಟಿಗೆ. ಆಮೇಲೆ ಇನ್ನೊಂದು ರ‍್ಯಾಮ್ ಎರಡೂ ಸ್ಲಾಟಿಗೆ. ಬೇಜಾರಿನ ಕೆಲಸವೇ, ಆದರೆ ಈ ಹಂತದಲ್ಲಿ ಎದ್ದು ಕೂತ ಕಂಪ್ಯೂಟರ್‌ಗಳು ಲೆಕ್ಕವಿಲ್ಲದಷ್ಟು.

ನಿಮಗೆ ಬೀಪ್ ಕೇಳಿಸದೇ ಇರುವುದಕ್ಕೆ ಸರಳ ಕಾರಣ ಇರಬಹುದು. ಈಗಿನ ಕ್ಯಾಬಿನೆಟ್ಟುಗಳಲ್ಲಿ ಬೀಪ್ ಸ್ಪೀಕರೇ ಹಾಕಿರುವುದಿಲ್ಲ. ಅದೊಂದು ಹೆಬ್ಬೆರಳ ತುದಿಯಷ್ಟು ದೊಡ್ಡ ಕಪ್ಪು ಗುಂಡಿ, ನಾಲ್ಕು ಪಿನ್ನಿನ ಕನೆಕ್ಟರ್ ಇರುತ್ತದೆ, ಆನ್‌ಲೈನ್‌ನಲ್ಲಿ ಸಿಗುತ್ತದೆ, ದುಬಾರಿ ಏನಲ್ಲ. ಅದನ್ನು ಬೋರ್ಡಿನ ಸ್ಪೀಕರ್ ಪಿನ್ನಿಗೆ ಹಾಕಿ ಒಂದು ಪರೀಕ್ಷೆ ಮಾಡಿ. ಎರಡೂ ರ‍್ಯಾಮ್ ತೆಗೆದಿಟ್ಟು ಆನ್ ಮಾಡಿ. ರ‍್ಯಾಮ್ ಇಲ್ಲ ಅಂತ ಬೋರ್ಡು ಬೀಪ್ ಹೊಡೆದು ದೂರಿದರೆ ಖುಷಿಪಡಿ! ಪ್ರೊಸೆಸರ್ ಎದ್ದಿದೆ, ಬಯೋಸ್ ಓದುತ್ತಿದೆ, ಬೋರ್ಡಿಗೆ ಜೀವ ಇದೆ ಅಂತ ಅರ್ಥ. ಹಾಗಿದ್ದಾಗ ‘ಬೋರ್ಡ್ ಸತ್ತಿದೆ’ ಅನ್ನುವ ಮಾತು ನಿಲ್ಲುವುದು ಕಷ್ಟ. ಕೆಲವು ಬೋರ್ಡುಗಳಲ್ಲಿ ಸ್ಪೀಕರ್ ಬದಲು ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಅಂತ ಬರೆದ ನಾಲ್ಕು ಪುಟ್ಟ ದೀಪಗಳಿರುತ್ತವೆ. ಯಾವುದು ಉರಿದು ಅಲ್ಲೇ ನಿಲ್ಲುತ್ತದೋ ತೊಂದರೆ ಆ ಹಂತದಲ್ಲಿದೆ.

ಸಿಮೋಸ್ ಬ್ಯಾಟರಿಯನ್ನೂ ನೋಡಿಬಿಡಿ. ಬೋರ್ಡಿನಲ್ಲಿರುವ ನಾಣ್ಯದಂಥ ಸಿಆರ್2032, 3 ವೋಲ್ಟಿನದು. 2019ರಿಂದ ಅದೇ ಇದ್ದರೆ ಹೇಗೂ ಬದಲಿಸುವ ಕಾಲ ಬಂದಿದೆ. ಪ್ಲಗ್ ಕಿತ್ತು ಬ್ಯಾಟರಿ ತೆಗೆದು ಐದು ನಿಮಿಷ ಬಿಟ್ಟು ಹೊಸದು ಹಾಕಿ. ಬಯೋಸ್ ಸೆಟ್ಟಿಂಗ್ ಎಲ್ಲ ಮೊದಲಿನಂತಾಗುತ್ತದೆ, ಕೆಟ್ಟ ಸೆಟ್ಟಿಂಗ್‌ನಿಂದ ಸಿಕ್ಕಿಹಾಕಿಕೊಂಡಿದ್ದರೆ ಬಿಡಿಸಿಕೊಳ್ಳುತ್ತದೆ. ಆದರೆ ಇಲ್ಲೊಂದು ಕೊಕ್ಕೆ ಇದೆ. ಹೀಗೆ ಮಾಡಿದ ಮೇಲೆ ಸ್ಕ್ರೀನ್ ಬಂದು ‘ಬೂಟ್ ಡಿವೈಸ್ ಸಿಗುತ್ತಿಲ್ಲ’ ಅಂತಲೋ, ನೀಲಿ ಸ್ಕ್ರೀನಿನಲ್ಲಿ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಅಂತಲೋ ಬರಬಹುದು. ಎಸ್‌ಎಸ್‌ಡಿ ಹೋಯಿತು ಅಂತ ಎದೆ ಒಡೆದುಕೊಳ್ಳಬೇಡಿ. ವಿಂಡೋಸ್ ಹಳೇ ಲೆಗಸಿ ರೀತಿಯಲ್ಲಿ ಇನ್‌ಸ್ಟಾಲ್ ಆಗಿದ್ದು, ಬಯೋಸ್ ಈಗ ಹೊಸ ರೀತಿಯಾದ ಯುಇಎಫ್‌ಐಗೆ ಹೋಗಿರಬಹುದು. ಅಥವಾ ಸಾಟಾ ಮೋಡ್ (ಡಿಸ್ಕ್ ಜೊತೆ ಬೋರ್ಡು ಮಾತಾಡುವ ರೀತಿ) ಎಎಚ್‌ಸಿಐನಿಂದ ರೇಡ್‌ಗೆ, ಇಲ್ಲಾ ಅದರಿಂದ ಇದಕ್ಕೆ ಬದಲಾಗಿರಬಹುದು. ಡಿಲೀಟ್ ಕೀ ಒತ್ತಿ ಬಯೋಸ್ ಒಳಗೆ ಹೋಗಿ, ಮೊದಲು ಹೇಗಿತ್ತೋ ಹಾಗೆ ಮಾಡಿದರೆ ವಿಂಡೋಸ್ ಬರುತ್ತದೆ. ತಾರೀಕನ್ನೂ ಸರಿಮಾಡಿ. ತಾರೀಕು ತಪ್ಪಿದ್ದರೆ ವೆಬ್‌ಸೈಟುಗಳು ಸುರಕ್ಷಿತವಲ್ಲ ಅಂತ ಬ್ರೌಸರ್ ಗಲಾಟೆ ಮಾಡುತ್ತದೆ.

ಇಷ್ಟಾದರೂ ಏಳಲಿಲ್ಲ ಅಂದರೆ ಪವರ್ ಸಪ್ಲೈ. ಕ್ಯಾಬಿನೆಟ್ ಜೊತೆಗೇ ಉಚಿತವಾಗಿ ಬಂದ, ಮೇಲೆ ದೊಡ್ಡದಾಗಿ 450 ವ್ಯಾಟ್ ಅಂತ ಬರೆದ ಡಬ್ಬಿ ನಿಮ್ಮಲ್ಲಿದ್ದರೆ ನನಗೆ ಅದರ ಮೇಲೆ ನಂಬಿಕೆ ಕಡಿಮೆ. ಒಳಗಿನ ಕೆಪಾಸಿಟರ್‌ಗಳು ವರ್ಷಗಳಾದಂತೆ ಸೊರಗುತ್ತವೆ. ಫ್ಯಾನ್ ತಿರುಗಿಸುವಷ್ಟು ಶಕ್ತಿ ಇರುತ್ತದೆ, ಪ್ರೊಸೆಸರ್ ಕೆಲಸ ಶುರು ಮಾಡಿದ ತಕ್ಷಣ ವೋಲ್ಟೇಜ್ ಕುಸಿಯುತ್ತದೆ. ಮಲ್ಟಿಮೀಟರ್ ಗೊತ್ತಿರುವವರು ಇದ್ದರೆ, ಕಂಪ್ಯೂಟರ್ ಆನ್ ಆಗಲು ಒದ್ದಾಡುತ್ತಿರುವಾಗಲೇ ಅಳೆಯಲಿ: 12ರ ಲೈನ್ 11.4ರಿಂದ 12.6ರ ಒಳಗೆ, 5ರ ಲೈನ್ 4.75ರಿಂದ 5.25ರ ಒಳಗೆ ಇರಬೇಕು. ಹಸಿರು ಮತ್ತು ಕಪ್ಪು ವೈರಿನ ನಡುವೆ ಕ್ಲಿಪ್ ಹಾಕಿ ‘ಫ್ಯಾನ್ ತಿರುಗಿತು, ಪವರ್ ಸಪ್ಲೈ ಸರಿ ಇದೆ’ ಅನ್ನುವ ಪರೀಕ್ಷೆ ಯೂಟ್ಯೂಬಿನಲ್ಲಿ ಬಹಳ ಓಡಾಡುತ್ತದೆ. ಭಾರವೇ ಇಲ್ಲದೆ ಮಾಡುವ ಆ ಪರೀಕ್ಷೆಯಿಂದ ನಿಮ್ಮ ಸಮಸ್ಯೆಗೆ ಏನೂ ತಿಳಿಯುವುದಿಲ್ಲ. ಎಲ್ಲಕ್ಕಿಂತ ಒಳ್ಳೆಯದು ಗೆಳೆಯರ ಮನೆಯಿಂದ ಸರಿಯಿರುವ ಪವರ್ ಸಪ್ಲೈ ಒಂದು ಗಂಟೆ ಎರವಲು ತಂದು ಹಾಕಿ ನೋಡುವುದು. ಮತ್ತೆ ಇದನ್ನು ಮಾತ್ರ ದಪ್ಪ ಅಕ್ಷರದಲ್ಲಿ ಬರೆದಿದ್ದೀನಿ ಅಂದುಕೊಳ್ಳಿ: ಪವರ್ ಸಪ್ಲೈ ಡಬ್ಬಿಯನ್ನು ಬಿಚ್ಚಬೇಡಿ. ಗೋಡೆಯ 230 ವೋಲ್ಟ್ ಎಸಿ ಅದರೊಳಗೆ ಸುಮಾರು 325 ವೋಲ್ಟ್ ಡಿಸಿ ಆಗಿ ಕೆಪಾಸಿಟರ್‌ನಲ್ಲಿ ಕೂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರುತ್ತದೆ. ಅದು ಜೀವ ತೆಗೆಯಬಲ್ಲದು.

ಸ್ಕ್ರೀನ್ ಬಂತು ಅಂತಿಟ್ಟುಕೊಳ್ಳೋಣ. ವಿಂಡೋಸ್ ಶುರುವಾಗುವ ಹೊತ್ತಿಗೇ ಕರೆಂಟ್ ಮತ್ತೆ ಮತ್ತೆ ಹೋಗಿದ್ದರಿಂದ ಅದು ನೇರ ಡೆಸ್ಕ್‌ಟಾಪಿಗೆ ಹೋಗದೆ ‘ಆಟೋಮ್ಯಾಟಿಕ್ ರಿಪೇರ್’ಗೆ ಹೋಗಬಹುದು. ಡಿಸ್ಕ್ ಚೆಕ್ ಮಾಡುತ್ತೀನಿ ಅಂದರೆ ಮಾಡಲು ಬಿಡಿ, ನಿಧಾನ ಅಂತ ನಡುವೆ ಆಫ್ ಮಾಡಬೇಡಿ. ಆಗಲಿಲ್ಲ ಅಂದರೆ ‘ಟ್ರಬಲ್‌ಶೂಟ್’ ಒಳಗೆ ಸ್ಟಾರ್ಟಪ್ ರಿಪೇರ್ ಇದೆ, ಸೇಫ್ ಮೋಡ್ ಇದೆ. ‘ರಿಸೆಟ್ ದಿಸ್ ಪಿಸಿ’ಯನ್ನು ಫೈಲು ಕಾಪಿ ಆಗುವ ತನಕ ಮುಟ್ಟಬೇಡಿ. ನೀಲಿ ಸ್ಕ್ರೀನ್ ನೋಡಿ ಗಾಬರಿಯಾಗುವವರಿಗೆ ಒಂದು ಮಾತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನುವ ಸೆಕ್ಯುರಿಟಿ ಸಾಫ್ಟ್‌ವೇರ್ ಕಂಪನಿ ಕಳಿಸಿದ ಒಂದು ಕೆಟ್ಟ ಅಪ್‌ಡೇಟ್‌ನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಸ್ಕ್ರೀನಿಗೆ ಬಿದ್ದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರು, ನೆನಪಿದೆಯಾ? ಆ ಯಂತ್ರಗಳ ಹಾರ್ಡ್‌ವೇರಿಗೆ ಏನೂ ಆಗಿರಲಿಲ್ಲ. ಸೇಫ್ ಮೋಡಿಗೆ ಹೋಗಿ ಒಂದು ಫೈಲ್ ಅಳಿಸಿದರೆ ಎದ್ದು ಕೂರುತ್ತಿದ್ದವು. ನೀಲಿ ಸ್ಕ್ರೀನ್ ಅಂದರೆ ಮೇಲೆ ಹೇಳಿದ ಬಹುತೇಕ ಹಂತಗಳನ್ನು ಕಂಪ್ಯೂಟರ್ ದಾಟಿ ಬಂದಿದೆ ಅಂತ. ನಿಮ್ಮ ಈಗಿನ ಕಪ್ಪು ಸ್ಕ್ರೀನಿಗಿಂತ ಅದು ಎಷ್ಟೋ ಮೇಲು.

ಏನೇ ಮಾಡಿದರೂ ಸ್ಕ್ರೀನ್ ಬರಲಿಲ್ಲ ಅಂದರೆ ಫೈಲುಗಳನ್ನು ಮೊದಲು ಹೊರಗೆ ತನ್ನಿ. ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಆಗಿದ್ದರೆ ಯುಎಸ್‌ಬಿಯಿಂದ ಸಾಟಾಗೆ ಹೋಗುವ ಒಂದು ಕೇಬಲ್ ಸಾಕು. ಚೂಯಿಂಗ್ ಗಮ್ ಪಟ್ಟಿಯಂತೆ ಉದ್ದಕ್ಕೆ ಬೋರ್ಡಿಗೇ ಅಂಟಿಕೊಂಡಿದ್ದರೆ ಅದು ಎಂ.2. ಅದರಲ್ಲಿ ಸಾಟಾ ಬೇರೆ, ಎನ್‌ವಿಎಂಇ ಬೇರೆ, ಲೇಬಲ್ ನೋಡಿ ಯುಎಸ್‌ಬಿಗೆ ಚುಚ್ಚುವ ತಕ್ಕ ಡಬ್ಬಿ ಕೊಳ್ಳಿ. ಇನ್ನೊಂದು ಕಂಪ್ಯೂಟರಿಗೆ ಚುಚ್ಚಿದಾಗ ‘ಈ ಫೋಲ್ಡರಿಗೆ ನಿಮಗೆ ಅನುಮತಿ ಇಲ್ಲ’ ಅಂತ ಕೇಳಿದರೆ ‘ಕಂಟಿನ್ಯೂ’ ಒತ್ತಿ. ‘ಡಿಸ್ಕ್ ಫಾರ್ಮ್ಯಾಟ್ ಮಾಡಬೇಕು’ ಅಂದರೆ ‘ಕ್ಯಾನ್ಸಲ್’ ಒತ್ತಿ, ಅಲ್ಲಿಗೆ ನಿಲ್ಲಿಸಿ, ತಿಳಿದವರಿಗೆ ತೋರಿಸಿ. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕಿದ ಬೀಗ) ಅಂತ ಬಂದು 48 ಅಂಕಿಯ ಕೀ ಕೇಳಿದರೆ ಅದು ಬಹುಶಃ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಸಿಗುತ್ತದೆ. ಹಳೇ ನುಡಿ ಫೈಲುಗಳು ತೆರೆದಾಗ ಕನ್ನಡದ ಬದಲು ವಿಚಿತ್ರ ಚಿಹ್ನೆಗಳು ಕಂಡರೆ ಫೈಲ್ ಕೆಟ್ಟಿಲ್ಲ, ಆ ಕಂಪ್ಯೂಟರಿನಲ್ಲಿ ನುಡಿ ಫಾಂಟ್ ಇಲ್ಲ ಅಷ್ಟೇ. ನುಡಿ ಹಾಕಿಕೊಂಡರೆ ಅಕ್ಷರಗಳು ವಾಪಸ್ ಬರುತ್ತವೆ. ಈ ಸಲ ಅವನ್ನು ಯೂನಿಕೋಡಿಗೆ (ಬೇರೆ ಫಾಂಟ್ ಹಾಕದೆಯೂ ಓದಲು ಬರುವ ರೀತಿ) ಬದಲಿಸಿ ಇಟ್ಟುಬಿಡಿ.

ಬೋರ್ಡೇ ಹೋಗಿದೆ ಅಂತ ಖಾತ್ರಿಯಾದರೆ? ಆಗಲೂ ‘ಹೊಸ ಕಂಪ್ಯೂಟರೇ ತಗೊಳ್ಳಿ’ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಸೆಕೆಂಡ್ ಹ್ಯಾಂಡ್ ಬೋರ್ಡುಗಳು ಬೆಂಗಳೂರಿನ ಎಸ್‌ಪಿ ರೋಡಿನಲ್ಲೂ ಆನ್‌ಲೈನ್‌ನಲ್ಲೂ ಹುಡುಕಿದರೆ ಸಿಗುತ್ತವೆ. ಎಚ್310, ಬಿ360, ಬಿ365 ಇಂಥ 300 ಸರಣಿಯದ್ದೇ ಕೇಳಿ. ಎಚ್110, ಬಿ250 ಬೋರ್ಡುಗಳೂ ಅದೇ 1151 ಸಾಕೆಟ್ಟಿನವು, ನಿಮ್ಮ ಪ್ರೊಸೆಸರ್ ಅದರಲ್ಲಿ ನೀಟಾಗಿ ಕೂರುತ್ತದೆ, ಆದರೆ ಕೆಲಸ ಮಾಡುವುದಿಲ್ಲ. ಗೊತ್ತಿಲ್ಲದೆ ಅಥವಾ ಗೊತ್ತಿದ್ದೂ ಅದನ್ನೇ ಕೊಟ್ಟುಬಿಡುತ್ತಾರೆ, ಹುಷಾರು. ಕೊಳ್ಳುವ ಮೊದಲು ಸಾಕೆಟ್ಟಿನ ಪಿನ್ನುಗಳು ಬಗ್ಗಿಲ್ಲ ಅಂತ ಟಾರ್ಚ್ ಹಾಕಿ ನೋಡಿ, ನಿಮ್ಮ ಎದುರಿಗೇ ಆನ್ ಮಾಡಿಸಿ. ನಿಮ್ಮ ಪ್ರೊಸೆಸರ್ ಹಳೆಯದಾಯಿತು ಅನ್ನುವವರಿಗೆ ಇನ್ನೊಂದು ಉತ್ತರವೂ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಾಮಾನ್ಯ ಬೆಂಬಲ ನಿಲ್ಲಿಸಿದ್ದು 2025ರ ಅಕ್ಟೋಬರ್ 14ಕ್ಕೆ, ನಿಜ. ಆದರೆ ವಿಂಡೋಸ್ 11ಕ್ಕೆ ಇಂಟೆಲ್‌ನ ಸಾಮಾನ್ಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಒಪ್ಪಿಗೆ ಸಿಗುವುದೇ ಎಂಟನೇ ಜನರೇಷನ್‌ನಿಂದ. ನಿಮ್ಮದು ಗೆರೆಯ ಈಚೆಗೇ ಇದೆ. ಯುಇಎಫ್‌ಐ ರೀತಿಯಲ್ಲಿ ಇನ್‌ಸ್ಟಾಲ್ ಮಾಡಬೇಕು, ಬಯೋಸಿನಲ್ಲಿ ಪಿಟಿಟಿ ಅನ್ನುವ ಸುರಕ್ಷತಾ ಸೌಲಭ್ಯವನ್ನು ಆನ್ ಮಾಡಬೇಕು, ಅಷ್ಟೇ. ಉಳಿಸುವ ದುಡ್ಡಿನಲ್ಲಿ, ಖಾಲಿ ಸ್ಲಾಟ್ ಇದ್ದರೆ, 8 ಜಿಬಿಯ ಒಂದು ರ‍್ಯಾಮ್ ಸೇರಿಸಿ.

ಕೊನೆಯದಾಗಿ ಅರ್ಥಿಂಗ್. ಕ್ಯಾಬಿನೆಟ್ ಮುಟ್ಟಿದಾಗ ಬೆರಳು ಜುಮ್ ಅನ್ನುತ್ತಿತ್ತಾ, ಯೋಚಿಸಿ ನೋಡಿ. ಹೌದು ಅಂದರೆ ನಿಮ್ಮ ಪಾಯಿಂಟಿನಲ್ಲಿ ಅರ್ಥ್ ಸಿಗುತ್ತಿಲ್ಲ, ಅಥವಾ ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಎಕ್ಸ್‌ಟೆನ್ಷನ್ನಿಗೆ ಹಾಕಿದ್ದೀರಿ. ಅರ್ಥ್ ಇಲ್ಲದ ಮನೆಯಲ್ಲಿ ಸರ್ಜ್ ಪ್ರೊಟೆಕ್ಟರಿಗೆ ಕೊಟ್ಟ ದುಡ್ಡಿನ ಬಹುಪಾಲು ನೀರಿಗೆ ಹಾಕಿದಂತೆಯೇ. ಎಲೆಕ್ಟ್ರಿಷಿಯನ್ ಕರೆಸಿ ಮೊದಲು ಅದನ್ನು ಸರಿಮಾಡಿಸಿ, ಆಮೇಲೆ 600 ವಿಎ ಯುಪಿಎಸ್ ತಗೊಳ್ಳಿ. ಅದರ ಬ್ಯಾಟರಿ ಎರಡು ಮೂರು ವರ್ಷಕ್ಕೆ ಮುಗಿಯುತ್ತದೆ, ಬದಲಿಸಬೇಕು. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಹಾಕಬೇಡಿ. ಗುಡುಗು ಕೇಳಿದ ಕೂಡಲೇ ಪ್ಲಗ್ಗೂ ಇಂಟರ್ನೆಟ್ ವೈರೂ ಎರಡನ್ನೂ ಕಿತ್ತಿಡಿ, ಯುಪಿಎಸ್ ಇದ್ದರೂ ಅಷ್ಟೇ.

ರ‍್ಯಾಮ್ ತೆಗೆದಾಗ ಬೀಪ್ ಬಂತೋ ಇಲ್ಲವೋ, ಮೋಡೆಮ್ ಬದುಕಿದೆಯೋ ಇಲ್ಲವೋ, ಬೋರ್ಡಿನ ಮೇಲೆ ಅಚ್ಚಾಗಿರುವ ಮಾಡೆಲ್ ಹೆಸರೇನು, ಈ ಮೂರು ತಿಳಿಸಿ ಮತ್ತೆ ಬರೆಯಿರಿ. ಮುಂದಿನದು ಆಮೇಲೆ ನೋಡೋಣ.